ಸಾಪಾವೋ, ಬಟಾಡೋ? ನನ್ನ ಮೊಣಕಾಲಿನ ತೀರ್ಪು

ಮೆಟ್ಟಿಲು ಗದ್ದೆಗಳ ನಡುವೆ ಮೂರು ದಿನ ನಡೆಯಬೇಕು, ರಾತ್ರಿ ಹಳ್ಳಿಮನೆಯಲ್ಲಿ ಮಲಗಬೇಕು. ಈ ಒಂದೇ ಆಸೆಗೆ ಎರಡು ದೇಶ ಸುತ್ತಿ ಬಂದೆ. ಉತ್ತರ ವಿಯೆಟ್ನಾಂನ ಸಾಪಾಕ್ಕೆ ಹೋದದ್ದು ಸೆಪ್ಟೆಂಬರಿನಲ್ಲಿ, ಫಿಲಿಪ್ಪೀನ್ಸಿನ ಬಟಾಡ್‌ಗೆ ಮೇ ತಿಂಗಳಿನಲ್ಲಿ. ಅಲ್ಲಿ ಕೊಯ್ಲಿಗೆ ಬಂದ ಹೊಂಬಣ್ಣ, ಇಲ್ಲಿ ಹಸಿರು ಪೈರು. ಹೀಗಿರುವಾಗ ಯಾವುದು ಚೆಂದ ಎಂಬ ತಕರಾರೇ ಅನ್ಯಾಯ. ಕಾಲಿಗೆ ಗೊತ್ತಾದಷ್ಟನ್ನು ಮಾತ್ರ ಹೇಳುತ್ತೇನೆ.

ತಲುಪಲು ಸಾಪಾ ಸಲೀಸು. ಹನೋಯಿಯಿಂದ ಐದಾರು ಗಂಟೆಯ ಬಸ್ ಪ್ರಯಾಣ, ಬೇಡವೆಂದರೆ ಲಾವೊ ಕಾಯ್‌ವರೆಗೆ ರಾತ್ರಿ ರೈಲಿದೆ. ಬಟಾಡ್‌ಗಾದರೆ ಮೊದಲು ಮನಿಲಾದಿಂದ ಬನಾವೆ ಎಂಬ ಊರಿಗೆ ಇಡೀ ರಾತ್ರಿ ಬಸ್ಸು. ಅದರೊಳಗಿನ ಎ.ಸಿ. ಚಳಿಗೆ ನಾನು ಟವೆಲನ್ನೂ ಹೊದ್ದುಕೊಂಡು ಕುಳಿತಿದ್ದೆ. ಅಲ್ಲಿಂದ ಮುಂದೆ ಜೀಪ್ನಿ ಎಂಬ ಉದ್ದನೆಯ ಜೀಪು, ರಸ್ತೆ ಮುಗಿದ ಮೇಲೆ ನಡಿಗೆ.

ಸಾಪಾದಲ್ಲಿ ಮುವಾಂಗ್ ಹ್ವಾ ಕಣಿವೆಗೆ ಇಳಿಯುವಾಗ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹ್ಮಾಂಗ್ ಎಂಬ ಗುಡ್ಡಗಾಡು ಸಮುದಾಯದ ಇಬ್ಬರು ಹೆಂಗಸರು ಕರೆಯದೆಯೇ ಜೊತೆಯಾದರು. ಕೆಸರು ಜಾರುವಲ್ಲಿ ಒಬ್ಬಾಕೆ ಕೈ ಹಿಡಿದಳು. ಬಟ್ಟೆಗೆ ನೀಲಿ ಬಣ್ಣ ಹಾಕಿ ಹಾಕಿ ಆಕೆಯ ಬೆರಳ ಗೆರೆಗಳೂ ನೀಲಿಯಾಗಿದ್ದವು. ಲಾವೊ ಚಾಯ್ ಹಳ್ಳಿ ಬಂದದ್ದೇ ತಡ, ಬುಟ್ಟಿಯಿಂದ ಕಸೂತಿ ಚೀಲಗಳು ಹೊರಬಂದವು. ಕೈ ಹಿಡಿದು ದಾಟಿಸಿದವರಿಗೆ ಬೇಡ ಎನ್ನುವುದು ಹೇಗೆ? ಎರಡು ಕೊಂಡೆ. ಇದನ್ನು ಮೋಸ ಎಂದು ದೂರುವವರಿದ್ದಾರೆ, ನನಗೆ ಹಾಗನ್ನಿಸಲಿಲ್ಲ. ಕೂಲಿಯನ್ನೇ ಮೊದಲು ಮಾತಾಡಿದ್ದರೆ ಇಬ್ಬರಿಗೂ ಮುಜುಗರ ತಪ್ಪುತ್ತಿತ್ತು, ಅಷ್ಟೆ. ಬೇಸರ ತರಿಸಿದ್ದು ದಾರಿ. ನಾನು ನಡೆದದ್ದರಲ್ಲಿ ಬಹುಪಾಲು ಕಾಂಕ್ರೀಟು, ಬೆನ್ನ ಹಿಂದೆ ಬೈಕುಗಳ ಹಾರ್ನು. ಗದ್ದೆ ಪಕ್ಕದಲ್ಲಿತ್ತು, ನಾನು ರಸ್ತೆಯಲ್ಲಿದ್ದೆ.

ಬಟಾಡ್‌ನಲ್ಲಿ ಗದ್ದೆಯೇ ದಾರಿ. ಇಫುಗಾವೊ ಜನ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳ ನೆತ್ತಿಯ ಮೇಲೆಯೇ ಊರವರೂ ಓಡಾಡುತ್ತಾರೆ. ಅಗಲ ಒಂದೂವರೆ ಪಾದ. ಎಡಕ್ಕೆ ನೀರು ನಿಂತ ಗದ್ದೆ, ಬಲಕ್ಕೆ ಎರಡಾಳು ಆಳ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯಲು ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಎದುರಿನಿಂದ ಸೌದೆ ಹೊತ್ತ ಹುಡುಗನೊಬ್ಬ ಬಂದ. ಯಾರು ಸರಿಯಬೇಕು ಎಂದು ನಾನು ಯೋಚಿಸುವಷ್ಟರಲ್ಲಿ ಅವನು ಕೆಸರಿಗಿಳಿದು ನನ್ನನ್ನು ದಾಟಿ ಮತ್ತೆ ಗೋಡೆ ಹತ್ತಿದ್ದ. ಟಪಿಯಾ ಜಲಪಾತಕ್ಕೆ ಇಳಿದು ಹತ್ತಿದ ದಿನ ನನ್ನ ಮೊಣಕಾಲು ಮುಷ್ಕರ ಹೂಡಿತು.

1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಗದ್ದೆ ಸಮೂಹಗಳಲ್ಲಿ ಬಟಾಡ್ ಒಂದು. ಎಲ್ಲರೂ ಫೋಟೊ ತೆಗೆಯುವ ಬನಾವೆ ನೋಟ ಆ ಪಟ್ಟಿಯಲ್ಲಿಲ್ಲ. 2001ರಿಂದ 2012ರವರೆಗೆ ಆ ಐದೂ ಸಮೂಹಗಳು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದ್ದವು. ಅದರ ಕಾರಣಗಳಲ್ಲೊಂದು ಈಗಲೂ ಕಣ್ಣಿಗೆ ಬೀಳುತ್ತದೆ: ದುಡಿಯುವ ಕೈಗಳಿಲ್ಲದೆ ಬೀಳುಬಿಟ್ಟ ಗದ್ದೆಗಳು, ಕುಸಿದ ಗೋಡೆಗಳು. ಗದ್ದೆಗೆ ನೀರು ಬರುವುದು ಮೇಲಿನ ಕಾಡಿನಿಂದ. ಮುಯೊಂಗ್ ಎಂಬ ಆ ಕಾಡನ್ನು ಮನೆತನಗಳೇ ಕಾಯುತ್ತವೆ.

ಊಟ, ಹಾಸಿಗೆ, ಬಿಸಿನೀರಿನಲ್ಲಿ ಸಾಪಾ ಗೆದ್ದಿತು. ತಾ ವಾನ್ ಹಳ್ಳಿಯ ಮನೆಯಲ್ಲಿ ಗಿಡಮೂಲಿಕೆ ಹಾಕಿದ ಮರದ ತೊಟ್ಟಿಯ ಸ್ನಾನವೂ ಸಿಕ್ಕಿತು. ಬಟಾಡ್‌ನಲ್ಲಿ ನನಗೆ ಸಿಕ್ಕಿದ್ದು ತಣ್ಣೀರ ಬಕೆಟು.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸಾಪಾಕ್ಕೇ ಹೋಗಿ. ಅಲ್ಲಿ 2016ರಿಂದ ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರೂ ಇದೆ. ಒಬ್ಬನೇ ಹೊರಟರೆ ನಾನು ಬಟಾಡ್‌ಗೇ ಹೋಗುತ್ತೇನೆ, ಆದರೆ ದುಬಾರಿ ಬೂಟು ಬಿಟ್ಟು. ಆ ಗೋಡೆಗಳ ಮೇಲೆ ನಮ್ಮ ಮಾರ್ಗದರ್ಶಿಯ ಸವೆದ ರಬ್ಬರ್ ಚಪ್ಪಲಿ ಒಮ್ಮೆಯೂ ಜಾರಲಿಲ್ಲ.