ಸಂಯುಕ್ತದ ಪಾಠ ಎಲ್ಲಿಂದ ಶುರು ಮಾಡೋದು? ಮೂರು ದಾರಿ ನೋಡಿದೆ

ಹೈಸ್ಕೂಲು ಮಕ್ಕಳಿಗೆ ಸಂಯುಕ್ತ (ಬೇರೆ ಬೇರೆ ಧಾತುಗಳು ರಾಸಾಯನಿಕವಾಗಿ ಕೂಡಿ ಆಗುವ ಹೊಸ ವಸ್ತು) ಅಂದ್ರೇನು ಅಂತ ಹೇಳಿಕೊಡೋಕೆ ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಬೋರ್ಡಿನ ಮೇಲೆ ವೇಲೆನ್ಸಿ (ಪರಮಾಣುವಿನ ಕೂಡುವ ಸಾಮರ್ಥ್ಯ ಹೇಳುವ ಅಂಕಿ) ಅದಲುಬದಲು ಮಾಡಿ ಸೂತ್ರ ಬರೆಸೋದು ಒಂದು, ಜೇಡಿಮಣ್ಣಿನ ಉಂಡೆಗೆ ಕಡ್ಡಿ ಚುಚ್ಚಿ ಮಾದರಿ ಮಾಡಿಸೋದು ಇನ್ನೊಂದು, ಕಬ್ಬಿಣದ ಪುಡಿ ಮತ್ತು ಗಂಧಕ ಸೇರಿಸಿ ಕಾಯಿಸೋದು ಮೂರನೆಯದು. ನನ್ನ ಓಟು ಮೂರನೆಯದಕ್ಕೆ. ಅದೂ ಒಂದು ಸಲ ಕೈಕೊಟ್ಟಿದೆ, ಆ ಕಥೆ ಆಮೇಲೆ.

ವೇಲೆನ್ಸಿ ದಾರಿ ಬೇಗ ಮುಗಿಯುತ್ತದೆ, ಪರೀಕ್ಷೆಗೂ ಆಗುತ್ತದೆ. ಆದರೆ ಮಕ್ಕಳು ಅಂಕಿ ಆಚೀಚೆ ಮಾಡುತ್ತಾರೆ ಅಷ್ಟೇ. ಒಬ್ಬ ಮೆಗ್ನೀಸಿಯಂ ಆಕ್ಸೈಡಿಗೆ ಎಂಜಿ2ಓ2 ಅಂತ ಬರೆದ. ಎರಡರಿಂದ ಭಾಗಿಸು, ಎಂಜಿಓ ಅಂದೆ. ತಕ್ಷಣ ಹಿಂದಿನ ಬೆಂಚಿನಿಂದ, "ಹಾಗಾದ್ರೆ ಹೈಡ್ರೋಜನ್ ಪೆರಾಕ್ಸೈಡಿನ ಎಚ್2ಓ2 ಯಾಕೆ ಎಚ್‌ಓ ಆಗಲ್ಲ ಸರ್?" ಸಖತ್ ಪ್ರಶ್ನೆ ಅಲ್ವಾ! ಎಂಜಿಓ ಅನ್ನೋ ಸೂತ್ರ ಹೇಳೋದು ಬರೀ ಅನುಪಾತ, ಎಚ್2ಓ2 ಹೇಳೋದು ಒಂದು ಅಣುವಿನಲ್ಲಿ ನಿಜವಾಗಿ ಇರುವ ಪರಮಾಣುಗಳ ಲೆಕ್ಕ. ಸಂಯುಕ್ತ ಅಂದ್ರೇನು ಅಂತಲೇ ಗೊತ್ತಿಲ್ಲದ ಮೊದಲ ದಿನ ಇದನ್ನು ಬಿಡಿಸಿ ಹೇಳೋಕೆ ಹೋಗಿ ಇಡೀ ಕ್ಲಾಸಿನ ತಲೆ ಕೆಡಿಸಿದೆ.

ಜೇಡಿಮಣ್ಣು ಮಕ್ಕಳಿಗೆ ಬಲು ಇಷ್ಟ. ನೀರು, ಅಮೋನಿಯಾ, ಮೀಥೇನ್ ತನಕ ಚೆನ್ನಾಗಿಯೇ ಹೋಗುತ್ತದೆ. ಉಪ್ಪು ಬಂತೋ, ಕೆಟ್ಟಿತು. ಒಂದು ಸೋಡಿಯಂ ಉಂಡೆ, ಒಂದು ಕ್ಲೋರಿನ್ ಉಂಡೆ ಅಂಟಿಸಿ "ಉಪ್ಪಿನ ಅಣು" ಅಂತ ಎತ್ತಿ ತೋರಿಸುತ್ತಾರೆ. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ (ವಿದ್ಯುದಾವೇಶ ಇರುವ ಪರಮಾಣು) ಸುತ್ತ 6 ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ 6 ಸೋಡಿಯಂ. ಒಮ್ಮೆ ತಲೆಯಲ್ಲಿ ಕೂತ ಆ ಜೋಡಿಯನ್ನು ಎಬ್ಬಿಸೋದು ಕಷ್ಟ.

ಇನ್ನು ಕಬ್ಬಿಣ–ಗಂಧಕ. ಬೂದು ಪುಡಿ, ಹಳದಿ ಪುಡಿ, ತೂಕದಲ್ಲಿ 7ಕ್ಕೆ 4. ಬೆರೆಸಿ ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿದರೆ ಕಬ್ಬಿಣ ಎದ್ದು ಬರುತ್ತದೆ, ಗಂಧಕ ಅಲ್ಲೇ ಉಳಿಯುತ್ತದೆ. ಅಂದರೆ ಇದು ಬರೀ ಮಿಶ್ರಣ. ಮತ್ತೆ ಬೆರೆಸಿ ಪ್ರನಾಳಕ್ಕೆ ಸ್ವಲ್ಪವೇ ಹಾಕಿ, ಬಾಯಿಗೆ ಗಾಜಿನುಣ್ಣೆ ತುರುಕಿ ಕಾಯಿಸಿ. ತಳ ಕೆಂಪಗಾದ ಕೂಡಲೇ ಉರಿ ತೆಗೆಯಿರಿ. ಉರಿ ಇಲ್ಲದೆಯೇ ಆ ಕೆಂಪು ಮೆಲ್ಲಗೆ ಮೇಲೆ ಹತ್ತುತ್ತದೆ! ಗಲಾಟೆ ಕ್ಲಾಸೂ ಆಗ ಗಪ್‌ಚುಪ್. ಕಿಟಕಿ ತೆರೆದಿರಲಿ, ಕನ್ನಡಕ ಹಾಕಿರಿ, ಗಂಧಕ ಉರಿದರೆ ಬರುವ ಹೊಗೆ ಕೆಟ್ಟದ್ದು. ಆರಿದ ಮೇಲೆ ಸಿಗೋದು ಕಪ್ಪು ಗಟ್ಟಿ, ಬೂದೂ ಇಲ್ಲ, ಹಳದಿಯೂ ಇಲ್ಲ. ಇದೇ ಸಂಯುಕ್ತ.

ನನಗೆ ಕೈಕೊಟ್ಟಿದ್ದು ಇಲ್ಲೇ. ಅವತ್ತು ಅಂದಾಜಿನಲ್ಲಿ ಹಾಕಿದ್ದೆ, ಕಬ್ಬಿಣ ಜಾಸ್ತಿಯಾಗಿತ್ತು. "ನೋಡಿ, ಇನ್ನು ಅಂಟಲ್ಲ" ಅಂತ ಅಯಸ್ಕಾಂತ ಹಿಡಿದರೆ ಗಟ್ಟಿ ಟಕ್ಕನೆ ಬಂದು ಅಂಟಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಈಗ ತೂಕ ಮಾಡಿಯೇ ಹಾಕುತ್ತೇನೆ, ಗಂಧಕ ಒಂದು ಚಿಟಿಕೆ ಹೆಚ್ಚಿಗೆ.

ಉಳಿದೆರಡನ್ನು ನಾನು ಬಿಟ್ಟಿಲ್ಲ, ಹಿಂದಕ್ಕೆ ಹಾಕಿದ್ದೇನೆ. ಮರುದಿನ ಬೋರ್ಡಿನ ಮೇಲೆ ಕಬ್ಬಿಣ 56, ಗಂಧಕ 32 ಅಂತ ಪರಮಾಣು ರಾಶಿ ಬರೆದು ಸುಮ್ನೆ ನಿಲ್ಲುತ್ತೇನೆ. ಯಾರಾದರೂ ಒಬ್ಬರು 8ರಿಂದ ಭಾಗಿಸಿ "ಸರ್, ನಿನ್ನೆಯ 7ಕ್ಕೆ 4!" ಅಂದ ಮೇಲೆಯೇ, ಒಂದು ಕಬ್ಬಿಣದ ಪರಮಾಣುವಿಗೆ ಒಂದು ಗಂಧಕದ ಪರಮಾಣು ಅಂತ ಸೂತ್ರ ಬರೆಯೋದು.