ಹಲಸು, ಅಕೇಶಿಯಾ, ಪ್ಲೈವುಡ್: ಮೂರು ಪೆಟ್ಟಿಗೆಗಳನ್ನು ಮಳೆಗಾಲಕ್ಕೆ ಒಡ್ಡಿ ನೋಡಿದಾಗ

ಬಾರ್ಕೂರಿನ ದೊಡ್ಡಮ್ಮನ ಹಳೆಯ ಮನೆ ಬಿಚ್ಚಿದಾಗ ನನ್ನ ಪಾಲಿಗೆ ಬಂದದ್ದು ಒಂದು ಕಲೆಂಬಿ. ಅಕ್ಕಿ ತುಂಬಿಸಿಡುತ್ತಿದ್ದ ಹೆಬ್ಬಲಸಿನ ದೊಡ್ಡ ಪೆಟ್ಟಿಗೆ. ನಾಲ್ವರು ಹೊತ್ತು ತಂದು ಉಡುಪಿ ಬಳಿಯ ಸಂತೆಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಇಳಿಸಿದ್ದು ಜುಲೈ ತಿಂಗಳ ಜಡಿಮಳೆಯಲ್ಲಿ. ಮುಚ್ಚಳವನ್ನು ಎತ್ತಿ ನೋಡಿದೆ, ಸಲೀಸಾಗಿ ಎದ್ದಿತು. ಬಿಟ್ಟೆ, ಸರಿಯಾಗಿ ಕೂತಿತು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಆರು ವರ್ಷದ ಹಿಂದೆ ಕೊಂಡ ಕಪಾಟಿನ ಬಾಗಿಲು ಉಬ್ಬಿ ಮುಚ್ಚಲಾರದೆ ನಿಂತಿತ್ತು, ಒಳಗಿದ್ದ ಅಮ್ಮನ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಬೂಷ್ಟು ಹಿಡಿದಿತ್ತು. ಸೀರೆ ಇಡಲು ನಾನೇ ಪೆಟ್ಟಿಗೆ ಮಾಡಬೇಕು ಎಂಬ ಹಟ ಹುಟ್ಟಿದ್ದು ಆ ದಿನ.

ಕೆಲಸ ಕಲಿಸಿದವರು ನಮ್ಮ ಊರಿನ ಹಿರಿಯ ಬಡಗಿ, ಆಚಾರ್ಯರು. ಶಾಲೆಯ ಕೆಲಸ ಮುಗಿಸಿ ಸಂಜೆ ಅವರ ಕೊಟ್ಟಿಗೆಗೆ ಹೋಗಿ ಉಳಿ, ಹತ್ತರಿ, ಕೊಡತಿ ಹಿಡಿಯಲು ಕಲಿತೆ. 2021ರಿಂದ 2023ರ ವರೆಗೆ ವರ್ಷಕ್ಕೊಂದರಂತೆ ಮೂರು ಪೆಟ್ಟಿಗೆ ಮಾಡಿದೆ. ಮೂರಕ್ಕೂ ಅಳತೆ ಒಂದೇ: 3 ಅಡಿ ಉದ್ದ, 18 ಇಂಚು ಅಗಲ, 18 ಇಂಚು ಎತ್ತರ, ಹಲಗೆಯ ದಪ್ಪ ಮುಕ್ಕಾಲು ಇಂಚು. ಮೊದಲನೆಯದು ಅಕೇಶಿಯಾ, ಎರಡನೆಯದು ಸಾಗುವಾನಿಯ ತೆಳು ಪದರ (ವಿನೀರ್) ಅಂಟಿಸಿದ, ನೀರು ತಡೆಯುವ ಮರೈನ್ ಪ್ಲೈವುಡ್, ಮೂರನೆಯದು ಹಲಸು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಪೆಟ್ಟಿಗೆಯ ಗುಣ ಗೊತ್ತಾಗುವುದು ಮಾಡಿದ ದಿನ ಅಲ್ಲ, ಜುಲೈ-ಆಗಸ್ಟ್‌ನಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ.

ಮೊದಲು ಅಕೇಶಿಯಾ. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ನೆಟ್ಟು ಬೆಳೆಸಿದ ಮರ, ಮಿಲ್ಲಿನಲ್ಲಿ ಸುಲಭಕ್ಕೆ ಸಿಗುತ್ತದೆ, ಬೆಲೆಯೂ ಸಾಗುವಾನಿಗಿಂತ ಬಹಳ ಕಡಿಮೆ. ತಿರುಳಿನ ಬಣ್ಣ ಚಂದ: ಜೇನಿನ ಕಂದು, ನಡುನಡುವೆ ಗಾಢವಾದ ಗೆರೆಗಳು. ಎರಡೂವರೆ ಘನ ಅಡಿ ತಂದೆ. ಲೆಕ್ಕಕ್ಕೆ ಬೇಕಾದದ್ದು ಎರಡಕ್ಕಿಂತ ಕಡಿಮೆಯೇ, ಆದರೆ ಬಿಳಿ ಹೊರಮರ, ಗಂಟು, ಬಿರುಕು ಎಂದು ಕತ್ತರಿಸಿ ಬಿಸಾಡುವುದು ಸೇರಿದರೆ ಅಷ್ಟು ಬೇಕೇ ಬೇಕು. ಹೊರಮರವನ್ನು ಉಳಿಸಿಕೊಳ್ಳುವ ಆಸೆ ಮಾಡಬಾರದು, ಕುಟ್ಟೆ ಹುಳ ಮೊದಲು ಹಿಡಿಯುವುದು ಅದನ್ನೇ.

ಈ ಪೆಟ್ಟಿಗೆಯ ಮುಚ್ಚಳಕ್ಕೆ ನಾನು ಮೂರು ಹಲಗೆಗಳನ್ನು ಅಂಟಿಸಿ, ಅಡಿಯಲ್ಲಿ ಎರಡು ಅಡ್ಡಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದೆ. ಬಾಗಬಾರದು ಎಂಬ ಉದ್ದೇಶ. ಆಚಾರ್ಯರು ನೋಡಿ, “ಮಾಷ್ಟ್ರೇ, ಇಷ್ಟು ಬಿಗಿ ಮಾಡಬೇಡಿ, ಆಟಿಯಲ್ಲಿ ಅದಕ್ಕೆ ಹೋಗಲು ಜಾಗ ಇಲ್ಲ” ಎಂದರು. ಆಗ ಅದರ ಅರ್ಥ ಪೂರ್ತಿ ತಿಳಿಯಲಿಲ್ಲ. ಮಾರ್ಚ್‌ನಲ್ಲಿ 450 ಮಿಲಿಮೀಟರ್ ಇದ್ದ ಮುಚ್ಚಳದ ಅಗಲ ಜುಲೈ ಕೊನೆಗೆ 455 ಆಗಿತ್ತು. ಮುಂದಿನ ಅಂಚು ಪೆಟ್ಟಿಗೆಯ ತುಟಿಗೆ ಒತ್ತಿಕೊಂಡು, ತೆರೆಯಲು ಇಬ್ಬರು ಬೇಕಾದರು. ಅದಕ್ಕಿಂತ ದೊಡ್ಡ ನಷ್ಟ ಕಾದಿದ್ದದ್ದು ಬೇಸಿಗೆಗೆ. ಫೆಬ್ರವರಿಯ ಒಂದು ಮಧ್ಯಾಹ್ನ ಪಟ್ ಎಂದು ಸದ್ದಾಯಿತು. ಹೋಗಿ ನೋಡಿದರೆ ನಡುವಿನ ಹಲಗೆ ಒಂದು ತುದಿಯಿಂದ ಒಂದು ಅಡಿ ಉದ್ದಕ್ಕೆ ಸೀಳಿತ್ತು, ಬೆರಳ ಉಗುರು ತೂರುವಷ್ಟು.

ಕಾರಣವನ್ನು ಆಮೇಲೆ ಕೂತು ಅರ್ಥ ಮಾಡಿಕೊಂಡೆ. ಮರ ತೇವ ಹೀರಿದಾಗ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಬೆಳೆಯುತ್ತದೆ. ಅಡ್ಡಪಟ್ಟಿಯ ನಾರು ಮುಚ್ಚಳದ ಅಗಲದ ದಿಕ್ಕಿನಲ್ಲಿ ಓಡುವುದರಿಂದ ಅದು ಹಿಗ್ಗುವುದಿಲ್ಲ, ಮುಚ್ಚಳವನ್ನೂ ಪೂರ್ತಿ ಹಿಗ್ಗಲು ಬಿಡುವುದಿಲ್ಲ. ಉಬ್ಬಲು ಎಡೆ ಸಿಗದ ನಾರು ತನ್ನೊಳಗೇ ಜಜ್ಜಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಅದು ಮೊದಲಿನ ಅಳತೆಗೂ ಕಿರಿದಾಗುತ್ತದೆ, ಸ್ಕ್ರೂ ಮಾತ್ರ ಹಿಡಿದ ಜಾಗ ಬಿಡುವುದಿಲ್ಲ, ಆಗ ಮರ ಸೀಳುತ್ತದೆ. ಅಂದರೆ ಫೆಬ್ರವರಿಯಲ್ಲಿ ಕಂಡ ಬಿರುಕು ಹುಟ್ಟಿದ್ದು ಜುಲೈನಲ್ಲಿ. ಅಡ್ಡಪಟ್ಟಿಯಲ್ಲಿ ಗುಂಡು ತೂತಿನ ಬದಲು ಅರ್ಧ ಇಂಚಿನ ಉದ್ದ ತೂತು ಕೊರೆದು, ಸ್ಕ್ರೂ ಅದರಲ್ಲಿ ಜಾರುವಂತೆ ಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ತಪ್ಪು ಮೂಲೆಗಳಲ್ಲಿ. ಕಬ್ಬಿಣದ ಮೊಳೆ ಬಳಸಿದ್ದೆ. ಅಕೇಶಿಯಾದಲ್ಲಿ ಒಗರು ಹೆಚ್ಚು, ಅದು ಕಬ್ಬಿಣಕ್ಕೆ ತೇವದಲ್ಲಿ ತಾಗಿದರೆ ಶಾಯಿಯಂಥ ನೀಲಿಗಪ್ಪು ಬಣ್ಣವಾಗುತ್ತದೆ. ಒಂದೇ ಮಳೆಗಾಲದಲ್ಲಿ ಪ್ರತಿ ಮೊಳೆಯ ಸುತ್ತ ಕಪ್ಪು ಕಣ್ಣೀರು ಇಳಿದಂತೆ ಗೆರೆ ಬಿತ್ತು. ಆಕ್ಸಾಲಿಕ್ ಆಮ್ಲದ ನೀರಿನಿಂದ ಕಲೆ ಹೋಗುತ್ತದೆ, ಮೊಳೆ ಅಲ್ಲೇ ಇದ್ದರೆ ಮತ್ತೆ ಬರುತ್ತದೆ.

ಪ್ಲೈವುಡ್ ಪೆಟ್ಟಿಗೆ ಈ ಕಷ್ಟಗಳನ್ನೆಲ್ಲ ತಪ್ಪಿಸಲು ಮಾಡಿದ್ದು. ಮರೈನ್ ಪ್ಲೈವುಡ್‌ನ ಭಾರತೀಯ ಮಾನಕವಾದ ಐಎಸ್ 710 ಗುರುತಿನ 18 ಮಿಲಿಮೀಟರ್ ಹಲಗೆ. ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಅದು ಯಾವ ದಿಕ್ಕಿಗೂ ಹೇಳಿಕೊಳ್ಳುವಷ್ಟು ಹಿಗ್ಗುವುದಿಲ್ಲ. ನಾಲ್ಕು ಮಳೆಗಾಲ ಅಳೆದಿದ್ದೇನೆ, ಮುಚ್ಚಳದ ಅಗಲದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಕಾಣಲಿಲ್ಲ. ಎರಡು ಭಾನುವಾರಗಳಲ್ಲಿ ಕೆಲಸ ಮುಗಿಯಿತು. ಅಳತೆಯೊಂದನ್ನೇ ನೋಡುವುದಾದರೆ ಗೆಲ್ಲುವುದು ಇದೇ.

ಆದರೆ ಅಂಚು ಇದರ ದೌರ್ಬಲ್ಯ. ಪದರಗಳು ಕಾಣದಂತೆ ಸಾಗುವಾನಿಯ ಬೀಡಿಂಗ್ ಪಟ್ಟಿ ಹೊಡೆಯಬೇಕು. ಅದು ನೋಟಕ್ಕೆ ಸರಿಹೋಗುತ್ತದೆ, ಬಲಕ್ಕೆ ಅಲ್ಲ. ಹಿಂಬದಿಯ ಕೀಲುಗಳ ಸ್ಕ್ರೂಗಳನ್ನು ನಾನು ಪ್ಲೈಯ ಅಂಚಿಗೇ ಇಳಿಸಿದ್ದೆ. ಅಂಚಿನಲ್ಲಿ ಸ್ಕ್ರೂ ಪದರಗಳ ನಡುವೆ ಬೆಣೆಯಂತೆ ಕೂರುತ್ತದೆ, ಹಿಡಿತ ಇರುವುದಿಲ್ಲ. ಏಳನೆಯ ತಿಂಗಳಲ್ಲಿ ಒಂದು ಕೀಲು ಕಿತ್ತುಬಂದು ಮುಚ್ಚಳ ಓರೆಯಾಗಿ ಬಿತ್ತು. ಆ ಹೊತ್ತಿಗೆ ಅಮ್ಮ ಸೀರೆ ತೆಗೆಯಲು ಬಗ್ಗಿದ್ದರು; ಕೈ ಹಿಂದಕ್ಕೆ ಎಳೆದುಕೊಂಡದ್ದರಿಂದ ಬೆರಳು ಉಳಿಯಿತು. ಆ ದಿನವೇ ಒಳಗಡೆ ಗಟ್ಟಿ ಮರದ ಪಟ್ಟಿ ಕೂರಿಸಿ ಕೀಲನ್ನು ಅದಕ್ಕೆ ಹೊಡೆದೆ, ಮುಚ್ಚಳ ಹಿಡಿಯಲು ಎರಡೂ ಬದಿ ಸರಪಳಿ ಹಾಕಿದೆ. ಯಾವ ಮರದ್ದೇ ಆಗಲಿ, ದೊಡ್ಡ ಪೆಟ್ಟಿಗೆಗೆ ಈ ಸರಪಳಿಯನ್ನು ಯಾರೂ ತಪ್ಪಿಸಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ತಾನಾಗಿ ಬೀಗ ಬೀಳುವ ಕೊಂಡಿ ಬೇಡ, ಹಿಂಬದಿಯಲ್ಲಿ ಗಾಳಿಯ ತೂತುಗಳೂ ಇರಲಿ. ಕಣ್ಣುಮುಚ್ಚಾಲೆ ಆಡುವ ಮಗುವಿಗೆ ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಕಾಣುವುದಿಲ್ಲ.

ಪ್ಲೈಯಲ್ಲಿ ಅಂಟಿನ ವಾಸನೆಯೂ ಇದೆ. ಮುಚ್ಚಿಡುವ ಪೆಟ್ಟಿಗೆಯಾದ್ದರಿಂದ ಅದು ಹೊರಗೆ ಹೋಗಲು ದಾರಿ ಇಲ್ಲ. ಮೂರು ತಿಂಗಳು ಮುಚ್ಚಳ ತೆರೆದಿಟ್ಟ ಮೇಲೆ ಸೀರೆ ಇಟ್ಟೆವು.

ಇನ್ನು ಹಲಸು. ಇದರ ಬಗ್ಗೆ ಬರೆಯಲು ನನಗೆ ಸಂತೋಷ. ಅಕ್ಕನ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಮರವನ್ನು ಮಿಲ್ಲಿಗೆ ಸಾಗಿಸಿ ಒಂದಿಂಚಿನ ಹಲಗೆ ಕೊಯ್ಯಿಸಿದೆವು. ಇಂಚಿಗೆ ಒಂದು ವರ್ಷ ಎಂಬುದು ಆಚಾರ್ಯರ ಲೆಕ್ಕ. ಅಟ್ಟದಲ್ಲಿ ಹಲಗೆ ಹಲಗೆಯ ನಡುವೆ ರೀಪಿನ ತುಂಡು ಇಟ್ಟು ವರ್ಷ ಪೂರ್ತಿ ಒಣಗಿಸಿದೆ. ಕೊಯ್ದ ದಿನ ಹಲಗೆ ಅರಸಿನ ಬಳಿದಂತೆ ಹಳದಿ. ಬೌದ್ಧ ಭಿಕ್ಷುಗಳ ಚೀವರಕ್ಕೆ ಈ ಮರದ ತಿರುಳಿನಿಂದಲೂ ಬಣ್ಣ ಕಾಯಿಸುತ್ತಿದ್ದರು. ಬೆಳಕು ತಾಗುತ್ತ ಹೋದಂತೆ ಹಳದಿ ಹೊನ್ನಿನ ಬಣ್ಣಕ್ಕೆ, ಹೊನ್ನು ಕೆಂಗಂದಿಗೆ ತಿರುಗುತ್ತದೆ. ಹತ್ತರಿ ಹೊಡೆಯುವಾಗ ಮಾತ್ರ ತಾಳ್ಮೆ ಬೇಕು, ನಾರು ಅಲ್ಲಲ್ಲಿ ದಿಕ್ಕು ಬದಲಿಸಿ ಎದ್ದು ಬರುತ್ತದೆ. ಅಲಗು ಚೂಪಾಗಿರಬೇಕು, ಸುಲಿಯುವ ಸಿಪ್ಪೆ ಕಾಗದಕ್ಕಿಂತ ತೆಳುವಾಗಿರಬೇಕು. ಉಳಿಗೆ ಅದು ಒಳ್ಳೆಯ ಮರ, ಹೇಳಿದಲ್ಲಿ ನಿಲ್ಲುತ್ತದೆ.

ಮೂಲೆಗಳನ್ನು ಕೂಡಿಸಲು ಮೊಳೆ, ಸ್ಕ್ರೂ ಯಾವುದೂ ಇಲ್ಲ, ಡವ್‌ಟೇಲ್ ಕೂಡು. ಪಾರಿವಾಳದ ಬಾಲದಂತೆ ತುದಿಗೆ ಅಗಲವಾಗುವ ಹಲ್ಲುಗಳು, ಒಂದು ಮೂಲೆಗೆ ಏಳು. ನಾಲ್ಕು ಮೂಲೆಗೆ ಹದಿನಾರು ಸಂಜೆ ಬೇಕಾದವು. ಅಷ್ಟು ಶ್ರಮ ಯಾಕೆ ಎಂದು ಕೇಳಿದವರಿಗೆ ನನ್ನ ಉತ್ತರ ಇದು: ನಾಲ್ಕೂ ಬದಿಯ ಹಲಗೆಗಳ ನಾರು ಪೆಟ್ಟಿಗೆಯನ್ನು ಸುತ್ತಿ ಓಡುತ್ತದೆ, ಆದ್ದರಿಂದ ಮಳೆಗಾಲದಲ್ಲಿ ನಾಲ್ಕೂ ಬದಿ ಒಟ್ಟಿಗೇ ಎತ್ತರಕ್ಕೆ ಬೆಳೆಯುತ್ತವೆ, ಬೇಸಿಗೆಯಲ್ಲಿ ಒಟ್ಟಿಗೇ ಇಳಿಯುತ್ತವೆ. ಕೂಡಿನಲ್ಲಿ ಜಗಳವೇ ಇಲ್ಲ. ಜಗಳ ಇರುವುದು ಮುಚ್ಚಳದಲ್ಲಿ ಮತ್ತು ತಳದಲ್ಲಿ ಮಾತ್ರ. ಕಲೆಂಬಿಯನ್ನು ಮಗುಚಿ ನೋಡಿದಾಗ ತಳದ ಹಲಗೆಗಳನ್ನು ಅಂಟಿಸದೆ ಬರಿದೇ ಜಾಡಿನಲ್ಲಿ, ಅಂದರೆ ಉದ್ದಕ್ಕೆ ಕೊರೆದ ಸಂದಿನಲ್ಲಿ, ಕೂರಿಸಿದ್ದು ಕಂಡಿತ್ತು. ಅದನ್ನೇ ಇಲ್ಲಿ ಮಾಡಿದೆ. ಮುಚ್ಚಳಕ್ಕೆ ನಾಲ್ಕು ಪಟ್ಟಿಯ ಚೌಕಟ್ಟು, ಅದರ ಒಳಜಾಡಿನಲ್ಲಿ ನಡುಹಲಗೆ. ಎರಡೂ ಬದಿ 4 ಮಿಲಿಮೀಟರ್ ಖಾಲಿ ಬಿಟ್ಟು, ಅಂಟು ಹಾಕದೆ, ಎರಡು ತುದಿಯ ಪಟ್ಟಿಗಳ ನಡುಮಧ್ಯದಲ್ಲಿ ಒಂದೊಂದು ಸಣ್ಣ ಮರದ ಮೊಳೆ ಹೊಡೆದೆ. ಹಿಗ್ಗಿದರೆ ಹಲಗೆ ಜಾಡಿನೊಳಗೆ ಹಿಗ್ಗಲಿ, ಹೊರಗಿನ ಅಳತೆ ಬದಲಾಗದು.

ಒಂದು ವಿಷಯ ಮಾತ್ರ ಮೊದಲೇ ಯೋಚಿಸಿರಲಿಲ್ಲ. ಮುಚ್ಚಳ ಪೂರ್ತಿ ಜೋಡಿಸಿದ ಮೇಲೆ ಎಣ್ಣೆ ಹಚ್ಚಿದ್ದೆ. ಜನವರಿಯಲ್ಲಿ ನಡುಹಲಗೆ ಕುಗ್ಗಿ, ಜಾಡಿನೊಳಗೆ ಅಡಗಿದ್ದ ಎರಡು ಮಿಲಿಮೀಟರ್ ಹೊರಗೆ ಬಂತು. ಉಳಿದ ಹಲಗೆ ಕೆಂಗಂದು, ಆ ಅಂಚು ಮಾತ್ರ ಬೆಳಕು ಕಾಣದ ಹಚ್ಚ ಹಳದಿ, ಸೀರೆಯ ಗೀಟಂಚಿನಂತೆ ನೇರವಾದ ಗೆರೆ. ಅಕ್ಕನ ಮಗಳು, “ಮಾವ, ಇದನ್ನು ಬೇಕೆಂದೇ ಬಿಟ್ಟಿದ್ದೀರಾ? ಹಾಗೇ ಇರಲಿ” ಎಂದಳು. ಹಾಗೇ ಇದೆ. ನೀವು ಮಾಡುವುದಾದರೆ ನಡುಹಲಗೆಗೆ ಅಂಚು ಸಮೇತ ಮೊದಲೇ ಎಣ್ಣೆ ಹಚ್ಚಿ, ಆಮೇಲೆ ಕೂರಿಸಿ.

ಮೇಲಿನ ಲೇಪನಗಳನ್ನೂ ಬೇರೆಬೇರೆಯಾಗಿ ನೋಡಿದೆ. ಅಕೇಶಿಯಾಕ್ಕೆ ಹಾಕಿದ್ದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್. ಅದರ ಹೊಳಪಿಗೆ ಸಾಟಿ ಇಲ್ಲ, ಆದರೆ ಮುಚ್ಚಳದ ಒಂದು ಭಾಗಕ್ಕೆ ಜೂನ್‌ನಲ್ಲಿ ಎರಡನೆಯ ಕೈ ಹೊಡೆದು ಕೆಟ್ಟೆ. ಸ್ಪಿರಿಟ್ ಆರುವಾಗ ತಣ್ಣಗಾದ ಮೈಮೇಲೆ ಗಾಳಿಯ ತೇವ ಕೂತು, ಅರಗಿನೊಳಗೆ ಹಾಲಿನಂಥ ಮಂಜು ಕಟ್ಟಿತು. ಈ ಪಾಲಿಶನ್ನು ಶಿವರಾತ್ರಿ, ಯುಗಾದಿಯ ನಡುವೆ ಮುಗಿಸಬೇಕು. ಪ್ಲೈವುಡ್‌ಗೆ ಪಿಯು (ಪಾಲಿಯುರೆಥೇನ್) ವಾರ್ನಿಶ್ ಹೊಡೆಸಿದೆ. ಹಲಗೆ ಅಲುಗದ ಕಾರಣ ಅದೂ ಬಿರಿಯಲಿಲ್ಲ, ಆದರೆ ಬಿದ್ದ ಗೀರನ್ನು ಅಲ್ಲಿಗಷ್ಟೇ ತಿದ್ದಲು ಬರುವುದಿಲ್ಲ. ಹಲಸಿಗೆ ಅಗಸೆ ಎಣ್ಣೆ ಮೂರು ಕೈ, ಮೇಲೆ ಜೇನುಮೇಣ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಶಾಖ ಹುಟ್ಟುತ್ತದೆ, ಬಟ್ಟೆಯ ಉಂಡೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಹೊರಗೆ ಒಣಹಾಕಿ. ಗೀರು ಬಿದ್ದಲ್ಲಿ ಮೇಣ ಉಜ್ಜಿದರೆ ಸಾಕು ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ಆರಿಸುತ್ತೇನೆ. ಮೂರರಲ್ಲೂ ಒಳಮೈಗೆ ಎಣ್ಣೆ ಹಾಕಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆ ಬೇಗ ಆರುವುದಿಲ್ಲ, ವಾಸನೆ ಸೀರೆಗೆ ಹತ್ತುತ್ತದೆ. ಒಳಗೆ ತೆಳುವಾಗಿ ಅರಗು ಹಚ್ಚಿ ಲಾವಂಚದ ಕಟ್ಟು ಇಟ್ಟಿದ್ದೇವೆ.

ಕಾಲುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲಿಗೆ ಅದು ಆಗದು, ನಮ್ಮ ಕಡೆ ದೋಣಿಯ ಮರಕ್ಕೂ ಬಳಿಯುತ್ತಿದ್ದರು. ಕೈಗವಸು ಹಾಕದೆ ಮುಟ್ಟಬೇಡಿ, ಚರ್ಮ ಬೊಬ್ಬೆ ಏಳುತ್ತದೆ.

ಅಲಂಕಾರಕ್ಕೆ ಬಂದರೆ, ಪ್ಲೈವುಡ್ ಪೆಟ್ಟಿಗೆಯ ಮುಂಬದಿಗೆ ಕಾವಿ ಕಲೆಯ ಬಳ್ಳಿ, ಹೂವು ಬರೆದೆ. ನಿಜವಾದ ಕಾವಿ ಗೋಡೆಯದು: ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಕೆರೆದು ಬಿಳಿಯನ್ನು ಹೊರತರುವುದು. ಮರದ ಮೇಲೆ ಬಣ್ಣದಲ್ಲಿ ಬರೆದದ್ದು ಅದರ ನೆನಪು ಮಾತ್ರ, ಸುಣ್ಣದ ಆಳ ಬರಲಿಲ್ಲ. ಅರಗಿನ ಬಣ್ಣವನ್ನು ಚನ್ನಪಟ್ಟಣದ ಗೊಂಬೆಗಳಂತೆ ಹಚ್ಚೋಣ ಎಂದೂ ಯೋಚಿಸಿದೆ. ಅಲ್ಲಿ ಮರ ಕಡೆಯುವ ಚರಕಿ ತಿರುಗುವ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಚಪ್ಪಟೆ ಹಲಗೆಗೆ ಆ ವಿಧಾನ ನಡೆಯದು. ಹಲಸಿನ ಪೆಟ್ಟಿಗೆಗೆ ಹಿತ್ತಾಳೆಯ ಮೂಲೆಪಟ್ಟಿ ಮತ್ತು ಗುಂಡುತಲೆಯ ಮೊಳೆ ಹಾಕಿದೆ, ಮಂಗಳೂರಿನ ಬಂದರಿನ ಬದಿಯ ಅಂಗಡಿಯಿಂದ ತಂದದ್ದು. ಹಳದಿ ಮರಕ್ಕೆ ಹಳದಿ ಲೋಹ ಮೊದಲ ವರ್ಷ ಕಣ್ಣಿಗೆ ಹಿಡಿಸಲಿಲ್ಲ. ಮರ ಕೆಂಪಾಗುತ್ತ ಹೋದಂತೆ ಹಿತ್ತಾಳೆ ಎದ್ದು ಕಾಣತೊಡಗಿತು. ಹಿತ್ತಾಳೆ ಸ್ಕ್ರೂ ಮೆತ್ತಗೆ, ಗಟ್ಟಿ ಮರದಲ್ಲಿ ತಲೆ ಮುರಿಯುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ತಿರುಗಿಸಿ, ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಇಳಿಸಬೇಕು. ಅಮ್ಮ ಬಿಂಬುಳಿ ತಂದು ಪಟ್ಟಿ ತಿಕ್ಕಲು ಹೊರಟಾಗ ತಡೆದೆ, ಹುಳಿನೀರು ಮರಕ್ಕೆ ಇಳಿದರೆ ಕಲೆ ನಿಲ್ಲುತ್ತದೆ. ಒಣಬಟ್ಟೆ ಸಾಕು.

ಫ್ಲ್ಯಾಟಿನಲ್ಲಿ ಇರುವವರು, ಎರಡು ವಾರದಲ್ಲಿ ಪೆಟ್ಟಿಗೆ ಬೇಕು ಎನ್ನುವವರು ಪ್ಲೈವುಡ್ ಮಾಡಿಸಿಕೊಳ್ಳಲಿ, ಕೀಲಿಗೆ ಗಟ್ಟಿ ಮರ ಕೊಡಿಸಿದರೆ ಸಾಕು. ಒಂದು ವರ್ಷ ಕಾಯಬಲ್ಲವರಿಗೆ ನಾನು ಹೇಳುವುದು ಹಲಸನ್ನೇ. ಅಕೇಶಿಯಾ ಕೆಟ್ಟ ಮರ ಎಂದು ನಾನು ಹೇಳಲಾರೆ, ಅದನ್ನು ಕೆಡಿಸಿದ್ದು ನಾನು ಹೊಡೆದ ಎಂಟು ಸ್ಕ್ರೂ.

ಹಲಸಿನ ಪೆಟ್ಟಿಗೆ ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗಳ ಜೊತೆ ಕದ್ರಿಯ ಅವಳ ಗಂಡನ ಮನೆಗೆ ಹೋಯಿತು. ಅದೇ ಮರದ ನಾಲ್ಕು ಹಲಗೆ ಇನ್ನೂ ಅಟ್ಟದಲ್ಲಿವೆ. ಅಕೇಶಿಯಾ ಪೆಟ್ಟಿಗೆಗೆ ಹೊಸ ಮುಚ್ಚಳ ಅವುಗಳಿಂದಲೇ, ಶಿವರಾತ್ರಿ ಕಳೆದ ಮೇಲೆ. ಈ ಸಲ ನಡುಹಲಗೆಗೆ ಎಣ್ಣೆ ಮೊದಲು.