ಹೀಟರ್ ಹಿಡಿದು ಇಪ್ಪತ್ತು ಎಣಿಸಿ: ಹಳೆ ಡೀಸೆಲ್ ಜೀಪಿನ ಜೊತೆ ಏಳು ಮಳೆಗಾಲ

ಏಳು ವರ್ಷದಿಂದ ಮಳೆಗಾಲದಲ್ಲಿ ನನ್ನ ಬಲಗಾಲಿನ ಮೊಣಗಂಟು ಒಣಗಿದ್ದೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆ ಜೀಪು ತೆಗೆದುಕೊಳ್ಳಬೇಕು ಅಂತ ಹೊರಟವರೆಲ್ಲ ಎಂಜಿನ್ ಬಗ್ಗೆ ಕೇಳುತ್ತಾರೆ. ಮೇಲಿನ ಕ್ಯಾನ್ವಾಸ್ ಹುಡ್ಡಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ಈಗ ಕೇಳುತ್ತಿರುವವರು ಮುಳ್ಳೇರಿಯದ ನಮ್ಮ ಭಾವ. ಬಂದಡ್ಕದಲ್ಲಿ 1996ರ ಜೀಪು ಒಂದು ಮಾರಾಟಕ್ಕೆ ಇದೆಯಂತೆ. ಹೇಳುವ ಬೆಲೆ 2.8 ಲಕ್ಷ. ದಿನ ಬಿಟ್ಟು ದಿನ ಫೋನು. "ಎಂಜಿನ್ ತೀರಾ ಹಳೆ ಕಾಲದ್ದು ಅಲ್ವಾ ಭಾವ? ಆಮೇಲೆ ಮಂಡೆಬೆಚ್ಚ ಆಗ್ಲಿಕ್ಕಿಲ್ವಾ?" ನನ್ನ ಹತ್ತಿರ ಇರುವುದೂ ಅದೇ ಎಂಜಿನಿನ 1995ರ ಗಾಡಿ. ಹಾಗಾಗಿ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಮೊಣಗಂಟಿನ ವಿಷಯ. ಮುಂದಿನ ಗಾಜಿನ ಚೌಕಟ್ಟು ಮತ್ತು ಕ್ಯಾನ್ವಾಸ್ ಹುಡ್ಡು ಸೇರುವ ಮೂಲೆಯಲ್ಲಿ ಒಂದು ಸಂದು ಇದೆ. ನೀರು ಅಲ್ಲಿಂದ ಇಳಿದು ನೇರ ಡ್ರೈವರನ ಬಲಮೊಣಗಂಟಿಗೆ ಬೀಳುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ದೊಡ್ಡ ಪಾಲು ನನ್ನ ಮೊಣಗಂಟಿಗೇ ಬಿದ್ದಿದೆ ಅಂತ ನನಗೆ ಅನಿಸುವುದುಂಟು. ಫೋಮ್ ತುರುಕಿ ನೋಡಿದೆ. ಸೈಕಲ್ ಟ್ಯೂಬ್ ಸೀಳಿ ಅಂಟಿಸಿದೆ, ಅದು ಒಂದು ಮಳೆಗಾಲ ತಡೆಯಿತು. ಒಂಬತ್ತು ಸಾವಿರ ಕೊಟ್ಟು ಹೊಸ ಹುಡ್ಡು ಹೊಲಿಸಿದೆ. ನೀರು ಎರಡು ಇಂಚು ಆಚೆ ಸರಿಯಿತು, ಅಷ್ಟೆ. ತಗಡಿನ ಟಾಪ್ ಕೂರಿಸಬಾರದಾ ಅಂತ ಕೇಳಬೇಡಿ. ಬಾಡಿ ಬದಲಾಯಿಸಿದರೆ ಅದು ಗಾಡಿಯ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಬರಬೇಕು, ಕೇರಳದಲ್ಲಿ ಈ ವಿಷಯದ ತಪಾಸಣೆ ಬಿಗಿ. ಕೊನೆಗೆ ಉಪಾಯ ಹೇಳಿದ್ದು ನನ್ನ ಹೆಂಡತಿ. ಕೆಲಸದವರು ತಲೆಗೆ ಇಡುವ ಅಡಿಕೆ ಹಾಳೆಯ ಮುಟ್ಟಾಳೆ ಇದೆಯಲ್ಲ, ಅದನ್ನು ಮೊಣಗಂಟಿಗೆ ಇಟ್ಟುಕೊಂಡು ಓಡಿಸುತ್ತೇನೆ. ಪೆರ್ಲ ಪೇಟೆಯಲ್ಲಿ ನಗುವವರು ಈಗಲೂ ಇದ್ದಾರೆ.

ಇನ್ನು ಎಂಜಿನ್. ಫ್ರೆಂಚ್ ಮೂಲದ 2112 ಸಿಸಿ ಡೀಸೆಲ್. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ. 62 ಹಾರ್ಸ್ ಪವರ್ ಅಂತ ಪುಸ್ತಕದಲ್ಲಿ ಇದೆ. ಅದರಲ್ಲಿ ಈಗ ಎಷ್ಟು ಕುದುರೆ ಬದುಕಿ ಉಳಿದಿವೆಯೋ! ಹೊಸ ಮಹೀಂದ್ರ ಥಾರಿನ 2.2 ಲೀಟರ್ ಡೀಸೆಲಿಗೆ 130. ಹೋಲಿಸಲು ಹೋಗಬಾರದು.

ಇದರಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಇರುವ ಒಂದು ಪುಟ್ಟ ಗೂಡಿನಲ್ಲಿ ಮೊದಲು ಹೊತ್ತಿಕೊಳ್ಳಬೇಕು. ಎಂಜಿನ್ ತಣ್ಣಗಿದ್ದರೆ ಒತ್ತಿದ ಗಾಳಿಯ ಬಿಸಿಯನ್ನು ಆ ಗೂಡಿನ ಗೋಡೆಯೇ ಎಳೆದುಕೊಂಡುಬಿಡುತ್ತದೆ. ಅದಕ್ಕೆ ಹೀಟರ್ ಪ್ಲಗ್ ಬೇಕು. ಬೆಳಿಗ್ಗೆ ಕೀಯನ್ನು ಎಡಕ್ಕೆ ತಿರುಗಿಸಿ ಹಿಡಿದುಕೊಳ್ಳಬೇಕು. ಬಿಟ್ಟರೆ ಹಿಂದಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಜಾಲರಿಯ ಹಿಂದೆ ಸಣ್ಣ ಕಾಯಿಲ್ ಒಂದು ನಿಧಾನಕ್ಕೆ ಕೆಂಪಾಗುತ್ತದೆ, ಒಲೆಯ ಕೆಂಡ ಊದಿದ ಹಾಗೆ. ಬೇಸಿಗೆಯಲ್ಲಿ ಹತ್ತು ಎಣಿಸಿದರೆ ಸಾಕು, ಆಟಿಯ ಮಳೆಯಲ್ಲಿ ಇಪ್ಪತ್ತು. ಆಮೇಲೆ ಬಲಕ್ಕೆ ತಿರುಗಿಸಿದರೆ ಒಂದು ಕೆಮ್ಮು, ಒಂದು ಮುದ್ದೆ ಹೊಗೆ, ಮತ್ತೆ ಗಡಗಡ. ನನ್ನ ಮಗಳು ಅಂಕಿ ಎಣಿಸಲು ಕಲಿತದ್ದೇ ಈ ಸೀಟಿನಲ್ಲಿ ಕೂತು. ಈಗ ಹತ್ತು ಕನ್ನಡದಲ್ಲಿ, ಮತ್ತೆ ಹತ್ತು ಮಲಯಾಳದಲ್ಲಿ ಎಣಿಸುತ್ತಾಳೆ. ಮಲಯಾಳದಲ್ಲಿ ಸ್ವಲ್ಪ ಬೇಗ ಮುಗಿಸುತ್ತಾಳೆ, ಆಗ ಎಂಜಿನ್ ಹಿಡಿಯುವುದಿಲ್ಲ.

ಈ ಇಪ್ಪತ್ತು ಎಣಿಸುವಷ್ಟು ಹೊತ್ತು ನನ್ನ ದಿನದ ಒಳ್ಳೆ ಹೊತ್ತು. ಅಂಗಳದ ಆಚೆ ತೋಟದಲ್ಲಿ ನೀರು ತೊಟ್ಟಿಕ್ಕುವುದು ಕೇಳಿಸುತ್ತದೆ. ಯಾರೂ ಏನೂ ಕೇಳುವುದಿಲ್ಲ. "ಹೀಟರ್ ಹಿಡಿದಿದ್ದೇನೆ" ಅಂದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ನಮ್ಮ ತೋಟ ಗುಡ್ಡೆಯ ಬುಡದಲ್ಲಿ, ಮನೆ ಮೇಲೆ. ನಡುವೆ ಮುರಕಲ್ಲಿನ ಇಳಿಜಾರು. ಜೂನ್ ಕಳೆದರೆ ಆ ಕಲ್ಲಿನ ಮೇಲೆ ಪಾಚಿ ಕಟ್ಟಿ ಸೋಪು ಬಳಿದ ಹಾಗೆ. ಆಗಲೇ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕಾಲವೂ ಬರುತ್ತದೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಡ್ರಮ್ಮು, ಪಂಪು, ಪೈಪು, ಮದ್ದು ಬಿಡುವ ಇಬ್ಬರು, ಎಲ್ಲ ಹೇರಿಕೊಂಡು ಇಳಿಯಬೇಕು. ಫೋರ್ ವೀಲ್ ಹಾಕಿ ಲೋ ಗೇರಿಗೆ ತಂದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟು. ಫಸ್ಟ್‌ನಲ್ಲಿ ಬಿಟ್ಟು ಎರಡೂ ಕಾಲು ತೆಗೆದು ಕೂತರೆ, ಮನುಷ್ಯ ನಡೆಯುವುದಕ್ಕಿಂತ ನಿಧಾನಕ್ಕೆ ತಾನೇ ಇಳಿಯುತ್ತದೆ. ಬ್ರೇಕ್ ಮುಟ್ಟಿದರೆ ಜಾರುತ್ತದೆ, ಮುಟ್ಟದಿದ್ದರೆ ಜಾರುವುದಿಲ್ಲ. ಇದನ್ನು ನಂಬಲು ನನಗೆ ಒಂದು ವರ್ಷ ಬೇಕಾಯಿತು.

ಕೆಳಗೆ ತೋಡು ದಾಟಬೇಕು. ಅಲ್ಲಿ ಈ ಎಂಜಿನಿನ ಹಳೆತನವೇ ಉಪಕಾರಕ್ಕೆ ಬರುತ್ತದೆ. ಡೀಸೆಲಿಗೆ ಕಿಡಿ ಬೇಡ, ಡೀಸೆಲ್ ಪಂಪನ್ನು ತಿರುಗಿಸುವುದೂ ಎಂಜಿನೇ. ಚಂಡಿಯಾದರೆ ಕೆಡುವ ಸೆನ್ಸರ್ ಒಂದೂ ಇಲ್ಲ. ಗಾಳಿ ಎಳೆಯುವ ಬಾಯಿಗೆ ನೀರು ಹೋಗದಿದ್ದರೆ ಆಯಿತು. ಆದರೆ ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಸ್ವಲ್ಪ ದೂರ ಬ್ರೇಕನ್ನು ಮೆಲ್ಲ ಒತ್ತಿಕೊಂಡೇ ಹೋಗಿ ಒಣಗಿಸಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ದನದ ಹಟ್ಟಿಯ ಗೋಡೆ ಹೇಳಿತು.

ಇಲ್ಲಿಯವರೆಗೆ ಓದಿ ಖುಷಿಯಾದವರು ಸ್ವಲ್ಪ ತಡೆಯಿರಿ.

ಇದೇ ಗಾಡಿಯಲ್ಲಿ ಮಂಗಳೂರಿಗೆ ಹೋಗಬೇಕಾದರೆ ನನಗೆ ಹಿಂದಿನ ರಾತ್ರಿಯೇ ಬೇಜಾರು ಶುರು. ತಲಪಾಡಿಯಿಂದ ಈಚೆಗೆ ಹೆದ್ದಾರಿ 66 ಈಗ ಆರು ಪಥ. ನನ್ನದು 55ರ ಮೇಲೆ ಹೋದರೆ ಸ್ಟಿಯರಿಂಗ್ ನಡುಗುತ್ತದೆ, 65ಕ್ಕೆ ನಾನೇ ನಡುಗುತ್ತೇನೆ. ಸಿಮೆಂಟ್ ಲಾರಿಯೂ ಹಾರ್ನ್ ಹಾಕಿ ಮುಂದೆ ಹೋಗುತ್ತದೆ. ಪವರ್ ಸ್ಟಿಯರಿಂಗ್ ಇಲ್ಲ. ಪೇಟೆಯಲ್ಲಿ ಪಾರ್ಕ್ ಮಾಡಿ ಇಳಿದರೆ ತೆಂಗಿನಕಾಯಿ ಸುಲಿದ ಹಾಗೆ ತೋಳು ನೋವು. ಅಮ್ಮನನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಾಪಸು ಬರುವಾಗ ಅವರು ಬಸ್ಸಿನಲ್ಲಿ ಬಂದರು. ಅದರ ನಂತರ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಬಂತು. ಅಂದರೆ ಜೀಪಿನ ಖರ್ಚಿಗೆ ಆ ಕಾರನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಲೀಟರಿಗೆ 11 ಕಿ.ಮೀ. ಲೋ ಗೇರಿನ ದಿನ ಲೆಕ್ಕ ಇಡುವುದಿಲ್ಲ. ರಿಪೇರಿಗೆ ದುಡ್ಡಿಗಿಂತ ಜಾಸ್ತಿ ದಿನ ಹೋಗುತ್ತದೆ. ಬದಿಯಡ್ಕದ ಹತ್ತಿರ ಒಬ್ಬರು ಮೆಕ್ಯಾನಿಕ್ ಇದ್ದಾರೆ, ನಾವೆಲ್ಲ ಇಚ್ಚ ಅಂತ ಕರೆಯುವುದು. ಅವರು ಎಂಜಿನ್ ಶಬ್ದ ಕೇಳಿಯೇ "ಭಟ್ರೇ, ಮೂರನೇ ನಾಝಲ್" ಅನ್ನುತ್ತಾರೆ. ಅದು ಸರಿಯೇ ಇರುತ್ತದೆ. ಆದರೆ ಅವರಿಗೆ ಅರುವತ್ತು ದಾಟಿದೆ. ಅವರ ಹುಡುಗರು ಲ್ಯಾಪ್‌ಟಾಪ್ ಚುಚ್ಚಿ ನೋಡುವ ಗಾಡಿ ಮಾತ್ರ ಮುಟ್ಟುತ್ತಾರೆ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಕಾಗದದ ವಿಷಯದಲ್ಲಿ. ನನಗೆ ಮಾರಿದವರು "ಎಂಜಿನ್ ಮೊನ್ನೆ ಮೊನ್ನೆ ಮಾಡಿಸಿದ್ದು" ಅಂದಿದ್ದರು. ಮಾಡಿಸಿದ್ದಲ್ಲ, ಬೇರೆ ಜೀಪಿನದ್ದು ತಂದು ಕೂರಿಸಿದ್ದು. ಬ್ಲಾಕಿನ ಮೇಲಿನ ನಂಬರ್ ಒಂದು, ಆರ್‌ಸಿಯಲ್ಲಿ ಇನ್ನೊಂದು. ಗೊತ್ತಾದದ್ದು ಆರ್‌ಸಿ ರಿನ್ಯೂವಲ್‌ಗೆ ಹೋದಾಗ. ಐದು ತಿಂಗಳು ಗಾಡಿ ಶೆಡ್ಡಿನಲ್ಲಿ, ನಾನು ಕಚೇರಿಯ ಬೆಂಚಿನಲ್ಲಿ. ಹದಿನೈದು ವರ್ಷ ಕಳೆದ ಗಾಡಿಗೆ ಐದು ವರ್ಷಕ್ಕೊಮ್ಮೆ ಫಿಟ್‌ನೆಸ್ ನೋಡಿ ರಿನ್ಯೂ ಮಾಡಿಸಬೇಕು. ಕಾರು, ಜೀಪಿನ ಫೀಸು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. ಹಸಿರು ತೆರಿಗೆ ಬೇರೆ. ಭಾವ ನೋಡುತ್ತಿರುವ ಗಾಡಿಯೂ ಇಪ್ಪತ್ತು ದಾಟಿದ್ದೇ.

ಹಾಗಾದರೆ ತೆಗೆದುಕೊಳ್ಳಬೇಕಾ? ಭಾವನ ತೋಟದ ದಾರಿಗೆ ಹೋದ ವರ್ಷ ಕಾಂಕ್ರೀಟ್ ಆಗಿದೆ. ವಾರಕ್ಕೆ ಎರಡು ಸಲ ಕಾಸರಗೋಡಿಗೆ ಹೋಗುವವರು. ಅವರಿಗೆ ಇದು ಬೇಡ, ಪಿಕಪ್ ಸಾಕು ಅಂತ ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವರು, "ಹಾಗಾದರೆ ನಿಮ್ಮದನ್ನೇ ಕೊಡಿ" ಅಂದರು. ನಾನು ಮಾತು ಬದಲಿಸಿ ಅಡಿಕೆ ರೇಟು ಕೇಳಿದೆ.

ಆದಿತ್ಯವಾರ ಇಬ್ಬರೂ ಬಂದಡ್ಕಕ್ಕೆ ಹೋಗುತ್ತಿದ್ದೇವೆ, ಕಾರಿನಲ್ಲಿ. ಟಾರ್ಚು ಮತ್ತು ಹಳೆ ಬೈರಾಸು ಹಿಡಿದುಕೊಂಡಿದ್ದೇನೆ. ಬ್ಲಾಕಿನ ನಂಬರ್ ಮೇಲೆ ಮೂವತ್ತು ವರ್ಷದ ಗ್ರೀಸ್ ಇರುತ್ತದೆ, ಉಜ್ಜದೆ ಕಾಣುವುದಿಲ್ಲ. ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಫೋನ್ ಮಾಡಿ ಹೇಳಿಸಿದ್ದೇನೆ. ಮೊದಲೇ ಬಿಸಿ ಮಾಡಿ ಇಟ್ಟರೆ ತಣ್ಣಗಿರುವಾಗ ಎಂಜಿನ್ ಹಿಡಿಯುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಹೋದ ಕೂಡಲೇ ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಡುತ್ತೇನೆ. ತಣ್ಣಗಿದ್ದರೆ ಭಾವನನ್ನು ಸೀಟಿನಲ್ಲಿ ಕೂರಿಸಿ ಹೀಟರ್ ಹಿಡಿಸಿ ಎಣಿಸಲು ಹೇಳುವುದು. ಬೆಚ್ಚಗಿದ್ದರೆ ಒಂದು ಚಹಾ ಕುಡಿದು ವಾಪಸು.